ಗೋಡೆಯಾಚೆಯ ಒಪ್ಪಿಗೆ

ಮಧುಗಿರಿಯಲ್ಲಿ ಮದುವೆ ಪತ್ರಿಕೆ ಹೊಡೆಸುವವರು ಈಗಲೂ ‘ಅಣ್ತಮ್ಮಂದಿರ ಪ್ರೆಸ್ಸಿಗೆ ಹೋಗಿ ಬರ್ತೀವಿ’ ಎನ್ನುತ್ತಾರೆ. ಹೋದರೆ ಸಿಗುವವನು ತಮ್ಮ ಅಂಜಿನಮೂರ್ತಿ ಒಬ್ಬನೇ. ಅಣ್ಣ ಯತ್ತಪ್ಪ ಇರುವುದು ಗೋಡೆಯ ಆಚೆ. ಮನೆ ಭಾಗವಾದಾಗ ಎದ್ದ ಗೋಡೆ ಅದು. ಗಾರೆ ಮಾಡಿಸಬೇಕಾದವರು ಯಾರೆಂದು ತೀರ್ಮಾನವಾಗದೆ ಇಂದಿಗೂ ಬರೀ ಇಟ್ಟಿಗೆಯಲ್ಲೇ ನಿಂತಿದೆ.

ಜಗಳ ಹುಟ್ಟಿದ್ದೂ ಪತ್ರಿಕೆಯಿಂದಲೇ. ತಂಗಿಯ ಮಗಳ ಲಗ್ನಪತ್ರಿಕೆಯಲ್ಲಿ ಅಂಜಿನಮೂರ್ತಿಯ ಹೆಸರು ಬಿಟ್ಟುಹೋಗಿತ್ತು. ಅಕ್ಷರ ಜೋಡಿಸಿದವನು ಯತ್ತಪ್ಪ. ಕಣ್ತಪ್ಪು ಎಂದ ಅವನು. ಕಣ್ಣಿಟ್ಟು ಮಾಡಿದ ತಪ್ಪು ಎಂದ ಇವನು. ಕೊನೆಗೆ ಸೋದರಮಾವ ಗಂಗಹನುಮಯ್ಯ ಬಂದು ಕೂತು ಭಾಗ ಮಾಡಿದರು. ಕಂಪ್ಯೂಟರು ಮತ್ತು ಅದರೊಳಗಿನ ಅಷ್ಟೂ ವರ್ಷದ ಡಿಸೈನುಗಳು ದೊಡ್ಡವನಿಗೆ, ಪ್ರಿಂಟಿಂಗ್ ಮೆಷಿನ್ನು ಚಿಕ್ಕವನಿಗೆ. ಜೋಡಿ ಎತ್ತನ್ನು ಹಂಚಿದಷ್ಟೇ ಸಲೀಸಾಗಿ ಹಂಚಿ, ಎಲೆ‌ಅಡಿಕೆ ಹಾಕಿಕೊಂಡು ಐ.ಡಿ.ಹಳ್ಳಿಯ ಬಸ್ಸು ಹತ್ತಿದರು. ಅಣ್ಣ ಬರೆದದ್ದನ್ನು ಹೊಡೆಯಲು ಅಣ್ಣನ ಬಳಿ ಮೆಷಿನ್ನಿಲ್ಲ, ತಮ್ಮನ ಮೆಷಿನ್ನಿಗೆ ಹೊಡೆಯಲು ಏನೂ ಇಲ್ಲ ಎಂಬುದು ಬಸ್ಸು ಕಣ್ಮರೆಯಾದ ಮೇಲೆ ಎಲ್ಲರಿಗೂ ಹೊಳೆಯಿತು.

ಈ ಗಂಟು ಬಿಡಿಸಿದವಳು ಕೊರಟಗೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಶೃತಿ. ಗೋಡೆಗೆ ಹೆಬ್ಬೆರಳು ತೂರುವಷ್ಟು ತೂತು ಕೊರೆದು ಒಂದು ಕೇಬಲ್ ಎಳೆದಳು. ತಮ್ಮನ ಕಡೆ ಇನ್ನೊಂದು ಕಂಪ್ಯೂಟರ್ ಇಡಿಸಿ, ಇಲ್ಲಿ ಕೂತೇ ಅಣ್ಣನ ಕಂಪ್ಯೂಟರನ್ನು ನಡೆಸುವಂತೆ ಮಾಡಿದಳು. ಕಟ್ಟಳೆ ಒಂದೇ. ಬೆಳಿಗ್ಗೆ ಇವನು ಕನೆಕ್ಟ್ ಒತ್ತಿದರೆ ಅವನ ಪರದೆಯಲ್ಲಿ ‘ಅಂಜಿನಮೂರ್ತಿ ಒಳಗೆ ಬರಲು ಕೇಳುತ್ತಿದ್ದಾರೆ’ ಎಂಬ ಪೆಟ್ಟಿಗೆ ಮೂಡುತ್ತದೆ. ಅವನು ಆಕ್ಸೆಪ್ಟ್ ಒತ್ತಬೇಕು. ಆಮೇಲೆ ಇವನು ಅವನ ಕೆಲಸವನ್ನು ತೆರೆದು, ತಿದ್ದಿ, ಮೆಷಿನ್ನಿಗೆ ಕಳಿಸಿಕೊಳ್ಳಬಹುದು.

ಅಣ್ಣತಮ್ಮಂದಿರ ನಡುವೆ ಉಳಿದ ಮಾತುಕತೆ ಅಷ್ಟೇ. ಊರಿನವರಿಗೆಲ್ಲ ‘ತಮ್ಮ ಆಗಮನವನ್ನು ಬಯಸುವ’ ಎಂದು ಮುತ್ತಿನಂಥ ಅಕ್ಷರ ಜೋಡಿಸುತ್ತಿದ್ದ ಅಣ್ಣ, ಸ್ವಂತ ತಮ್ಮನ ಆಗಮನವನ್ನು ಬಯಸಿದ್ದು ಆ ಒಂದು ಗುಂಡಿಯ ಮಟ್ಟಿಗೆ.

ಆವತ್ತು ಸಿರಾದವರ ಗೃಹಪ್ರವೇಶದ ಪತ್ರಿಕೆ ಹೊಡೆಯಬೇಕಿತ್ತು. ಹಳೆಯ ಕೆಲಸವೊಂದನ್ನು ಮುಗಿಸಿ, ದಡಬಡಗುಟ್ಟುತ್ತಿದ್ದ ಮೆಷಿನ್ನನ್ನು ನಿಲ್ಲಿಸಿ, ಅಂಜಿನಮೂರ್ತಿ ಕನೆಕ್ಟ್ ಒತ್ತಿದ. ಆಚೆಯಿಂದ ಏನೂ ಬರಲಿಲ್ಲ. ಮತ್ತೆ ಒತ್ತಿದ. ಇಲ್ಲ.

“ನೆನ್ನೆ ಭಾವನ ನವಿಲು ಕಿತ್ತಾಕಿದ್ರಲ್ಲ, ಅದ್ಕೆ ಬಾಗ್ಲಾಕಂಡವ್ರೆ,” ಎಂದಳು ಕವರು ಮಡಚುತ್ತಿದ್ದ ಹೆಂಡತಿ ರಾಧಾಮಣಿ.

ನಿಜ. ಯತ್ತಪ್ಪ ಪತ್ರಿಕೆಯ ಅಂಚಿಗೆ ನವಿಲುಗಳನ್ನು ಕೂರಿಸಿದ್ದ. ಇವನು ಇಲ್ಲಿಂದ ಎಳೆದು ಹೊರಗೆ ಹಾಕಿದರೆ ಅವನು ಅಲ್ಲಿಂದ ಎಳೆದು ಒಳಗೆ ತಂದ. ಪರದೆಯ ಮೇಲಿನ ಒಂದೇ ಬಾಣವನ್ನು ಎರಡು ಮನೆಗಳಿಂದ ಎಳೆದಾಡಿ, ಕೊನೆಗೆ ಗೆದ್ದವನು ತಮ್ಮ.

“ಹಾಕ್ಕಳ್ಲಿ ಬುಡು. ನವಿಲಿಲ್ದಿದ್ರೆ ಸಿರಾದವ್ರು ಮನೆ ಒಳೀಕೆ ಹೋಗಲ್ವಾ?” ಎಂದು ಅಂಜಿನಮೂರ್ತಿ ಶೃತಿಗೆ ಫೋನು ಹಚ್ಚಿದ. “ನೋಡಮ್ಮ, ನಮ್ಮಣ್ಣ ಏನೋ ಬ್ಲಾಕ್ ಮಾಡವ್ನೆ.”

“ಮೊದ್ಲೇ ಬೈಬೇಡಿ ಸಾರ್. ಕೇಬಲ್ ತುದೀಲಿ ಲೈಟು ಮಿಣುಕ್ತಾ ಐತಾ?”

“ಐತೆ.”

“ಅಂಗಾದ್ರೆ ಪಿಂಗ್ ಮಾಡಿ. ಹೇಳ್ಕೊಟ್ಟಿದ್ನಲ್ಲ, ಕಪ್ಪು ಪರದೆ.”

ಪಿಂಗ್ ಎಂದರೆ ಈ ಕಂಪ್ಯೂಟರು ಆ ಕಂಪ್ಯೂಟರನ್ನು ‘ಇದ್ದೀಯಾ’ ಎಂದು ಕೂಗುವುದು. ಅದು ಇದ್ದರೆ ‘ಇದ್ದೀನಿ’ ಎಂದು ಓಗೊಡುವುದು. ಅಂಜಿನಮೂರ್ತಿ ಕೂಗಿಸಿದ. ಇದ್ದೀನಿ, ಇದ್ದೀನಿ, ಇದ್ದೀನಿ ಎಂದು ಸಾಲುಗಳು ಬಂದವು.

“ಉತ್ರ ಬತ್ತಾ ಐತೆ ಕಣಮ್ಮ.”

“ಅಂದ್ರೆ ಅವ್ರ ಕಂಪ್ಯೂಟ್ರು ಆನಾಗೈತೆ, ದಾರೀನೂ ಸರಿಯಾಗೈತೆ. ಫೈರ್‌ವಾಲ್ ಏನಾರ ತಡೀತಾ ಐತಾ ನೋಡಾಣ.”

“ಇನ್ನೂ ಒಂದು ಗೋಡೇನಾ? ಇರೋದೇ ಸಾಕಾಗೈತಲ್ಲಮ್ಮ!”

ಶೃತಿ ನಕ್ಕಳು. ಅದನ್ನು ತೆಗೆಸಿದಳು, ಇದನ್ನು ಒತ್ತಿಸಿದಳು, ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿಸಿದಳು. ಮತ್ತೆ ಕನೆಕ್ಟ್ ಒತ್ತಿಸಿ, “ಈಗೇನು ತೋರುಸ್ತೈತೆ, ಓದಿ” ಎಂದಳು.

“ಉತ್ತರಕ್ಕಾಗಿ ಕಾಯಲಾಗುತ್ತಿದೆ.”

“ಸರಿ ಹೋಯ್ತು. ನೀವು ಕೇಳಿದ್ದು ಅಲ್ಲಿಗೆ ಮುಟ್ಟೈತೆ ಸಾರ್. ಪೆಟ್ಟಿಗೆ ಅವ್ರ ಕಣ್ಮುಂದೇನೇ ಐತೆ. ಮೆಷಿನ್ನಿಂದು ಏನೂ ತಪ್ಪಿಲ್ಲ. ಅವ್ರು ಒತ್ತಿಲ್ಲ, ಅಷ್ಟೆ. ರಿಜೆಕ್ಟೂ ಒತ್ತಿಲ್ಲ.”

ಆ ಕೊನೆಯ ಮಾತಿಗೆ ಅಂಜಿನಮೂರ್ತಿಯ ಕೈ ಮೌಸಿನ ಮೇಲೆ ನಿಂತುಹೋಯಿತು.

ಸಿಟ್ಟು ಬಂದರೆ ಯತ್ತಪ್ಪ ರಿಜೆಕ್ಟ್ ಒತ್ತುವವನು. ಕೇಳಿದ ಮರುಕ್ಷಣವೇ, ಮುಖಕ್ಕೆ ಬಾಗಿಲು ಬಡಿದ ಹಾಗೆ. ಇವನು ಮತ್ತೆ ಕೇಳಬೇಕು, ಅವನು ಮತ್ತೆ ಬಡಿಯಬೇಕು. ಸಮಾಧಾನವಾಗುವಷ್ಟು ಬಡಿದಾದ ಮೇಲೆ ಬಿಟ್ಟುಕೊಳ್ಳುತ್ತಿದ್ದ. ಬೈಯದೆ ಸುಮ್ಮನಿರುವುದು ಅವನಿಗೆ ಹುಟ್ಟಿನಿಂದ ಬಂದ ವಿದ್ಯೆಯಲ್ಲ.

“ಅತ್ತಿಗೆ ಊರಾಗವ್ರಾ?” ಎಂದ.

“ಎಲ್ಲವ್ರೆ? ಮಗಳ ಬಾಣಂತನಕ್ಕೆ ಪಾವಗಡಕ್ಕೆ ಹೋಗಿ ವಾರ ಆಯ್ತು,” ಎಂದಳು ರಾಧಾಮಣಿ. ಹಾಗೆಂದವಳು ಕವರು ಕೆಳಗಿಟ್ಟಳು.

ಅಣ್ಣನ ಬಾಗಿಲು ಪಕ್ಕದ ಓಣಿಗೆ. ಅಂಗಡಿಯಿಂದ ಇಳಿದು ತಿರುಗಿದರೆ ಸಿಕ್ಕಿತು. ಭಾಗವಾದ ಮೇಲೆ ಅದು ಅಂಜಿನಮೂರ್ತಿಗೆ ಪಾವಗಡಕ್ಕಿಂತ ದೂರವಾಗಿತ್ತು. ಬಾಗಿಲು ಮುಂದಕ್ಕೆ ಎಳೆದಿತ್ತಷ್ಟೆ, ಚಿಲಕ ಹಾಕಿರಲಿಲ್ಲ. ಕೂಗಲು ಬಾಯಿ ತೆರೆದ. ಬಹಳ ದಿನ ಬಳಸದ ಮಾತು ಹೊರಬಂತು. “ಅಣ್ಣಾ.”

ಯತ್ತಪ್ಪ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲಿದ್ದ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಕಣ್ಣು ತೆರೆದೇ ಇತ್ತು. ಮೇಜಿನ ಅಂಚಿನಿಂದ ಮೌಸು ತನ್ನ ವೈರಿನಲ್ಲಿ ತೂಗುಬಿದ್ದಿತ್ತು. ಎಡಗೈ ಅದರ ಕಡೆಗೆ ಚಾಚಿತ್ತು, ಮುಟ್ಟಿರಲಿಲ್ಲ. ಪರದೆಯ ನಡುವೆ ಪೆಟ್ಟಿಗೆ ಹಾಗೆಯೇ ಇತ್ತು: ಅಂಜಿನಮೂರ್ತಿ ಒಳಗೆ ಬರಲು ಕೇಳುತ್ತಿದ್ದಾರೆ.

“ಬಂದೆ ಕಣಣ್ಣ, ಬಂದ್ಬುಟ್ಟೆ,” ಎಂದು ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡ. ರಾಧಾಮಣಿ ಆಟೋ ಕೂಗಲು ಓಡಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: “ಎಷ್ಟೊತ್ತಿಂದ ಹೀಗಿದ್ದಾರೆ?” ಗೊತ್ತಿಲ್ಲ ಎಂದ ಅಂಜಿನಮೂರ್ತಿ. ಒಂದು ಮಾತ್ರ ಗೊತ್ತಿತ್ತು. ತಾನು ಕಂಪ್ಯೂಟರಿನ ಕೈಲಿ ‘ಇದ್ದೀಯಾ’ ಎಂದು ಕೂಗಿಸುತ್ತಿದ್ದಾಗ, ಅಲ್ಲಿಂದ ಕಂಪ್ಯೂಟರೇ ‘ಇದ್ದೀನಿ’ ಎನ್ನುತ್ತಿದ್ದಾಗ, ಅಣ್ಣ ಬಿದ್ದೇ ಇದ್ದ. ಅದನ್ನು ಯಾರಿಗೂ ಹೇಳಲಿಲ್ಲ. ಅಲ್ಲಿಂದ ತುಮಕೂರಿಗೆ ಹೊರಟ ಆಂಬುಲೆನ್ಸಿನಲ್ಲಿ ಉದ್ದಕ್ಕೂ ಅಣ್ಣನ ಬಲಗೈ ಹಿಡಿದು ಕೂತಿದ್ದ. ಆ ಕೈ ಇವನನ್ನು ಹಿಡಿಯಲಿಲ್ಲ.

ಜೀವ ಉಳಿಯಿತು. ಬಲಗೈಯೂ ಮಾತೂ ಹೋದವು. ಅಷ್ಟು ವರ್ಷ ಬೇಕೆಂದೇ ಆಡದಿದ್ದ ಮಾತನ್ನು ಯತ್ತಪ್ಪ ಈಗ ಬೇಕೆಂದರೂ ಆಡಲಾರ. ಮನೆಗೆ ಬಂದ ಮೇಲೆ ಅವನು ಕಣ್ಸನ್ನೆಯಲ್ಲಿ ಕೇಳಿದ ಮೊದಲ ಸಂಗತಿ ಕುರ್ಚಿ. ಪಾವಗಡದಿಂದ ಬಂದಿದ್ದ ಅತ್ತಿಗೆ ಗಂಗಾಲಕ್ಷ್ಮಿ ಗಂಡನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಮೌಸನ್ನು ಎಡಕ್ಕೆ ಸರಿಸಿಕೊಟ್ಟಳು.

ಶೃತಿ ನೋಡಲು ಬಂದವಳು ಅಂಜಿನಮೂರ್ತಿಯ ಅಂಗಡಿಗೂ ಬಂದಳು. “ಪಾಪ, ಅವ್ರಿಗ್ಯಾಕೆ ತ್ರಾಸು? ಪಾಸ್‌ವರ್ಡ್ ಹಾಕ್ಕೊಡ್ತೀನಿ ಸಾರ್. ಆಮೇಲೆ ಅವ್ರು ಒತ್ತೋದೇ ಬೇಡ, ನೀವೇ ನೇರ ಒಳಗೋಗ್ಬೋದು.”

“ಬ್ಯಾಡ ಕಣಮ್ಮ,” ಎಂದ ಅಂಜಿನಮೂರ್ತಿ. “ಅವ್ನು ನನ್ ತಾವ ಮಾತಾಡೋದು ಅದೊಂದೇಯ.”

ಈಗ ಬೆಳಿಗ್ಗೆ ಎದ್ದವನೇ ಓಣಿ ತಿರುಗಿ ಹೋಗಿ, ಅಣ್ಣನಿಗೆ ಸ್ನಾನ ಮಾಡಿಸಿ, ಕುರ್ಚಿಗೆ ಕೂರಿಸಿ ಬರುತ್ತಾನೆ. ಆಮೇಲೆ ಅಂಗಡಿಯ ಬಾಗಿಲೆತ್ತಿ ಕನೆಕ್ಟ್ ಒತ್ತುತ್ತಾನೆ. ಉತ್ತರಕ್ಕಾಗಿ ಕಾಯಲಾಗುತ್ತಿದೆ ಎಂದು ಬರುತ್ತದೆ. ಎಡಗೈ ಬಾಣವನ್ನು ಗುಂಡಿಯವರೆಗೆ ತರಲು ಹೊತ್ತು ಹಿಡಿಯುತ್ತದೆ. ಒಮ್ಮೊಮ್ಮೆ ದಾಟಿ ಹೋಗಿ, ತಿರುಗಿ ಬರಬೇಕು. ಗಿರಾಕಿಗಳು “ಯಾಕಣ್ಣ, ನೆಟ್ವರ್ಕ್ ಸ್ಲೋನಾ?” ಎಂದು ಕೇಳುತ್ತಾರೆ.

ಅಲ್ಲಿಯವರೆಗೆ ಅಂಜಿನಮೂರ್ತಿ ಮೆಷಿನ್ನು ಹಚ್ಚುವುದಿಲ್ಲ. ಇಟ್ಟಿಗೆ ಗೋಡೆಯ ಕಡೆ ಕಿವಿಕೊಟ್ಟು ಕೂತಿರುತ್ತಾನೆ. ಆಚೆ ಕುರ್ಚಿ ಕಿರುಗುಟ್ಟುತ್ತದೆ, ಸ್ವಲ್ಪ ತಡೆದು ಗುಂಡಿ ಟಕ್ಕೆನ್ನುತ್ತದೆ, ಪರದೆ ತೆರೆದುಕೊಳ್ಳುತ್ತದೆ. ಅಂಚಿನಲ್ಲಿ ನವಿಲು ಇದ್ದರೆ, ಇದ್ದಲ್ಲೇ ಇರುತ್ತದೆ.