ಶಾಂತವ್ವನಿಗೊಂದು ಸಿ.ಎಲ್.

ಕಳೆದ ಬುಧವಾರ ನಾನು ಏನೂ ಮಾಡಲಿಲ್ಲ. ಅದಕ್ಕೂ ಸಂಬಳ ಉಂಟು!

ಕ್ಯಾಶುವಲ್ ಲೀವ್ ಹಾಕಿ ಠಾಣೆ ಶಹರದ ಕಳವಾ ಭಾಗದಲ್ಲಿರುವ ನಮ್ಮ ಮನೆಯ ಕಿಟಕಿ ಬಳಿ ಕೂತಿದ್ದೆ. ಕಾರಣ? ಏನೂ ಇಲ್ಲ. (ಅರ್ಜಿಯಲ್ಲಿ ಮಾತ್ರ 'ಮನೆಗೆಲಸ' ಎಂದು ಬರೆದಿದ್ದೆ.) ದೂರದಲ್ಲಿ, ಕಡಲಿನಿಂದ ಒಳಚಾಚಿದ ಖಾಡಿಯ ನೀರು ಹೊಳೆಯುತ್ತಿತ್ತು. ಲೋಕಲ್ ರೈಲುಗಳು ಜನರನ್ನು ತುಂಬಿಕೊಂಡು ಹೋಗುತ್ತಿದ್ದವು. ಅವುಗಳಲ್ಲಿ ನಾನಿರಲಿಲ್ಲ. ಎಂಥ ಸುಖ!

ತೊಡೆಯ ಮೇಲಿದ್ದ ಪೇಪರಿನಲ್ಲಿ ಒಂದು ಲೇಖನ. ದುಡಿಯಲಿ ಬಿಡಲಿ, ಸರ್ಕಾರ ಪ್ರತಿಯೊಬ್ಬರಿಗೂ ತಿಂಗಳು ತಿಂಗಳು ಬದುಕುವಷ್ಟು ದುಡ್ಡು ಕೊಡಬೇಕಂತೆ. ಇದು ಆಗುವ ಮಾತೇ ಎಂದು ಪಂಡಿತರು ಜಗಳಾಡುತ್ತಿದ್ದಾರಂತೆ. ಕಣ್ಣು ಮುಚ್ಚಿ ಅಂಥದೊಂದು ಠಾಣೆಯನ್ನು ಕಂಡೆ. ಅಲ್ಲಿ ಯಾರೂ ಓಡುತ್ತಿರಲಿಲ್ಲ. ಕೆರೆಯ ದಂಡೆಯಲ್ಲಿ ಹಮಾಲರು ಕಾಲು ಚಾಚಿ ಕಡಲೆ ತಿನ್ನುತ್ತಿದ್ದರು. ಲೋಕಲ್‌ನಲ್ಲಿ ವಿಂಡೋ ಸೀಟು ಖಾಲಿ!

ಬಾಗಿಲು ಬಡಿದ ಸದ್ದು. ಶಾಂತವ್ವ. ಬಿಜಾಪುರದ ಕಡೆಯವಳು, ನಮ್ಮ ಬಿಲ್ಡಿಂಗಿನ ಟೆರೇಸ್ ರಿಪೇರಿಗೆ ಮರಳು ಹೊರುತ್ತಿದ್ದಳು. ಕನ್ನಡದವರ ಮನೆಯೆಂದು ಕುಡಿಯುವ ನೀರಿಗೆ ನಮ್ಮಲ್ಲಿಗೇ ಬರುತ್ತಿದ್ದಳು.

"ಇವತ್ತ ಸೂಟಿ ಏನ್ರೀ ಅಣ್ಣಾರ?"

"ಹೌದು. ನಿನಗ್ಯಾವಾಗ?"

ನಕ್ಕಳು. "ನಾಳೆ ಮುಂಜಾನೆ ಮಗಳು ಸಾಲ್ಯಾಗ ಹಾಡತಾಳ್ರೀ, ಮರಾಠಿ ಹಾಡು. ನೋಡಬೇಕಂತ ಭಾಳ ಆಸೆ ಐತಿ. ಆದ್ರ ಇಲ್ಲಿ ಕೆಲಸ ಇವತ್ತಿಗೆ ಮುಗೀತು. ನಾಳೆ ಮತ್ತ ನಾಕಾದಾಗ ನಿಂದರಬೇಕು. ನಿಂದರಲಿಲ್ಲಂದ್ರ ಸಂಜಿಗೆ ಒಲಿ ಹತ್ತೂದಿಲ್ರೀ."

ನಾಕಾ ಎಂದರೆ ಗೊತ್ತಲ್ಲ? ಕೂಲಿಯವರು ಬೆಳಿಗ್ಗೆ ಕಾದು ನಿಲ್ಲುವ ಚೌಕ. ಕೂಲಿಗೆ ಜನ ಹಿಡಿಯುವ ಮುಕಾದಮ ಯಾರ ಕಡೆ ಬೆರಳು ತೋರಿಸುತ್ತಾನೋ ಅವರಿಗೆ ಅಂದು ಕೆಲಸ.

ನಾನು ಉತ್ಸಾಹದಿಂದ ಪೇಪರಿನ ವಿಷಯ ಹೇಳಿದೆ. "ನಾಕಾದಲ್ಲಿ ನಿಂತರೂ ದುಡ್ಡು, ನಿಲ್ಲದಿದ್ದರೂ ದುಡ್ಡು. ಆದೀತೇ ಶಾಂತವ್ವಾ?"

ಅವಳು ನಿಧಾನವಾಗಿ ನೀರು ಕುಡಿದಳು.

"ಇವತ್ತಿಂದು ನಿಮ್ಮ ಪಗಾರ ಕಟ್ ಮಾಡ್ತಾರೇನ್ರೀ?"

"ಇಲ್ಲ."

"ಹಂಗಾದ್ರ ಆಗತೈತಿ ತಗೋರಿ. ನಿಮಗ ಆಗೇ ಐತಲ್ರೀ!"

ಲೋಟ ಇಟ್ಟು ಟೆರೇಸಿಗೆ ಹೋದಳು. ಪಂಡಿತರ ಜಗಳ ಒಂದು ಲೋಟ ನೀರಿನಲ್ಲಿ ಮುಗಿದಿತ್ತು.

ಗುರುವಾರ ಬೇಲಾಪುರದ ಆಫೀಸಿಗೆ ಲೋಕಲ್ ಹಿಡಿಯಲು ಹೊರಟರೆ ನಾಕಾದಲ್ಲಿ ಶಾಂತವ್ವ ನಿಂತಿದ್ದಾಳೆ, ಕಂಕುಳಲ್ಲಿ ಮರಳು ಹೊರುವ ಘಮೇಲಾ. ಮುಕಾದಮ ಇನ್ನೂ ಬಂದಿರಲಿಲ್ಲ. ಶಾಲೆಯಲ್ಲಿ ಹಾಡು ಶುರುವಾಗಿರಬೇಕು. ಅವಳು ನನ್ನನ್ನು ನೋಡಿ ನಕ್ಕಳು. ನನಗೆ ನಾಚಿಕೆಯಾಯಿತು.

ಆಫೀಸಿನಲ್ಲಿ ನಮ್ಮ ಸೆಕ್ಷನ್ನಿನ ಶೆಟ್ಟರಿಗೆ ಇದನ್ನೆಲ್ಲ ಹೇಳಿದೆ. "ಬಿಟ್ಟಿ ದುಡ್ಡು ಕೊಟ್ರೆ ಜನರಿಗೆ ಉದಾಸೀನ ಬರ್ತದೆ ಮಾರಾಯ್ರೆ. ಪ್ರಾಕ್ಟಿಕಲ್ ಅಲ್ಲ," ಎಂದರು. ಎನ್ನುತ್ತಲೇ ತಮ್ಮ ಶುಕ್ರವಾರದ ಸಿ.ಎಲ್. ಅರ್ಜಿಗೆ ಸಹಿ ಹಾಕಿದರು.

ನನ್ನವು ಇನ್ನೂ ನಾಲ್ಕು ಸಿ.ಎಲ್. ಬಾಕಿ ಇವೆ. ಒಂದನ್ನು ಶಾಂತವ್ವನ ಹೆಸರಿಗೆ ಬರೆಯಲು ಯಾವ ಫಾರ್ಮ್ ತುಂಬಬೇಕು?