ಮೂಳೆ ಹಿಡಿಯ ಮೇಲೆ ಅರಿಶಿನ

ರಾಕ್‌ವಿಲ್‌ನ ಶ್ರೀಲತಾ ಅವರನ್ನು ಯಾವ ಕೆಲಸಕ್ಕೂ ‘ಬರುತ್ತದೆಯೇ’ ಎಂದು ಕೇಳಬಾರದು. ಬರುತ್ತದೆ ಎಂದೇ ಹೇಳುತ್ತಾರೆ, ಆಮೇಲೆ ಕಲಿಯುತ್ತಾರೆ. ಮೈಸೂರಿನ ಸರಸ್ವತೀಪುರಂನಿಂದ ಮದುವೆಯಾಗಿ ಅಮೆರಿಕಕ್ಕೆ ಬಂದ ಹೊಸದರಲ್ಲಿ ಕಾರು ಓಡಿಸಿದ್ದು ಹಾಗೆಯೇ. ಮನೆಯಲ್ಲೇ ಡೇಕೇರ್ ತೆರೆದು ಬೀದಿಯ ಅರ್ಧ ಮಕ್ಕಳ ಮೂಗು ಒರೆಸಿದ್ದೂ ಹಾಗೆಯೇ. ಕೋವಿಡ್ ಬಂದು ಡೇಕೇರ್ ಮುಚ್ಚಿದ ಮೇಲೆ ಕೈಕಟ್ಟಿ ಕೂರುವುದು ಅವರ ಜಾಯಮಾನಕ್ಕೆ ಒಗ್ಗಲಿಲ್ಲ. ಒಂದು ದಿನ ಲೈಬ್ರರಿಯ ಗೋಡೆಯ ಮೇಲೊಂದು ಪ್ರಕಟಣೆ ಕಂಡಿತು. ಹತ್ತಿರದಲ್ಲೇ ಹದಿನೆಂಟನೇ ಶತಮಾನದ ಜಮೀನ್ದಾರರ ಮನೆಯೊಂದರ ಜಾಗವನ್ನು ಅಗೆಯುತ್ತಿದ್ದರು; ಸಿಕ್ಕಿದ್ದನ್ನು ತೊಳೆದು ಒಣಗಿಸಲು ವಾಲಂಟಿಯರ್‌ಗಳು ಬೇಕಾಗಿದ್ದರು.

“ತೊಳೆಯೋಕೆ ನಮ್ಮ ಸಿಂಕಲ್ಲೇ ಬೇಕಾದಷ್ಟು ಬಿದ್ದಿದೆಯಲ್ಲೇ” ಎಂದರು ಗಂಡ ಕೇಶವಮೂರ್ತಿ.

“ಅಲ್ಲಿಗೆ ನೀವು ವಾಲಂಟಿಯರ್ ಮಾಡಿ” ಎಂದು ಶ್ರೀಲತಾ ಕಾರಿನ ಕೀ ತೆಗೆದುಕೊಂಡು ಹೊರಟೇಬಿಟ್ಟರು.

ಅಂದಿನಿಂದ ಪ್ರತಿ ಮಂಗಳವಾರ ಅಗೆತದವರ ಲ್ಯಾಬಿನಲ್ಲಿ ಅವರ ಕೈಯಲ್ಲಿ ಒಂದು ಹಳೆಯ ಟೂತ್‌ಬ್ರಷ್, ಮುಂದೆ ಒಂದು ಬೋಗುಣಿ ನೀರು. ನೀಲಿ ಬಳ್ಳಿಯ ಪಿಂಗಾಣಿ ಚೂರು, ಹೊಗೆಸೊಪ್ಪು ಸೇದುವ ಮಣ್ಣಿನ ಕೊಳವೆಯ ತುಂಡು, ಅಂಗಿಯ ಗುಂಡಿ, ಯಾರೋ ಹೊಲಿಯುವಾಗ ಬೀಳಿಸಿಕೊಂಡ ಗುಂಡುಸೂಜಿ. ಕಿರೀಟ, ಖಡ್ಗ ನೋಡಲು ಮ್ಯೂಸಿಯಂಗೆ ಓಡುವವರನ್ನು ಕಂಡರೆ ಅವರಿಗೆ ನಗು ಬರುತ್ತಿತ್ತು. ಮನೆ ನಡೆಸಿದ್ದು ಇವು, ಕಿರೀಟವಲ್ಲ. ಲ್ಯಾಬಿನ ಮುಖ್ಯಸ್ಥೆ ಗ್ರೆಚೆನ್ ಹೇಳಿಕೊಟ್ಟ ನಿಯಮಗಳೆಲ್ಲ ಬಾಯಿಪಾಠವಾಗಿದ್ದವು: ಪಿಂಗಾಣಿಗೆ ನೀರು, ಕಬ್ಬಿಣಕ್ಕೆ ಒಣ ಬ್ರಷ್, ಮೂಳೆಗೆ ಬಟ್ಟೆಯ ಒದ್ದೆ ತುದಿ ಅಷ್ಟೆ.

ಎರಡನೆಯ ವರ್ಷದ ಶರತ್ಕಾಲದಲ್ಲಿ ಆ ಜಮೀನ್ದಾರರ ಅಡುಗೆಮನೆಯ ಹಿಂದಿನ ಗುಂಡಿಯಲ್ಲಿ ಒಂದು ಚಾಕು ಸಿಕ್ಕಿತು. ಅಲಗು ತುಕ್ಕು ಹಿಡಿದು ಮೋಟಾಗಿತ್ತು. ಮೂಳೆಯ ಹಿಡಿ ಮಾತ್ರ ಗಟ್ಟಿಯಾಗಿತ್ತು. ಹೆಬ್ಬೆರಳು ಊರುವ ಕಡೆ ಸವೆದು ತಗ್ಗಾಗಿತ್ತು. ಆ ಮನೆಯಲ್ಲಿ ಅಡುಗೆ ಮಾಡುತ್ತಿದ್ದವರು ಗುಲಾಮರು. ಅವರ ವಂಶದ ಮಿಸ್ ವಿಲ್ಮಾ ಎಂಬ ನಿವೃತ್ತ ನರ್ಸ್ ಹತ್ತಿರದ ಕೊಲಂಬಿಯಾ ಎಂಬ ಊರಿನಲ್ಲಿ ಇದ್ದರು. ಅಡುಗೆಮನೆ ಕಡೆಯದು ಏನೇ ಸಿಕ್ಕರೂ ಮೊದಲು ಅವರು ಬಂದು ನೋಡಬೇಕು, ಉಳಿದದ್ದು ಆಮೇಲೆ ಎಂಬುದು ಲ್ಯಾಬಿನ ನಿಯಮ. ಇಷ್ಟು ದಿನ ಬರೀ ಚೂರುಗಳೇ ಸಿಕ್ಕಿದ್ದ ಆ ಜಾಗದಲ್ಲಿ ಅವರ ಹಿರಿಯರು ಕೈಯಲ್ಲಿ ಹಿಡಿದಿದ್ದೆಂದು ಹೇಳಬಹುದಾದ ಮೊದಲ ವಸ್ತು ಆ ಚಾಕು. ಮಂಗಳವಾರ ಮಧ್ಯಾಹ್ನ ಬರುತ್ತೇನೆ ಎಂದಿದ್ದರು.

ಆ ಮಂಗಳವಾರವೇ ಆಯುಧಪೂಜೆ.

ಬೆಳಿಗ್ಗೆ ಮನೆಯಲ್ಲಿ ಕಾರು, ಕುಕ್ಕರು, ಅಂಗಳದ ತರಗೆಲೆ ಊದುವ ಮಿಷನ್ನು ಯಾವುದನ್ನೂ ಬಿಡದೆ ಬೊಟ್ಟಿಟ್ಟ ಶ್ರೀಲತಾ, ಕಲಸಿದ ಅರಿಶಿನವನ್ನೂ ಕುಂಕುಮವನ್ನೂ ಡಬ್ಬಿಯಲ್ಲಿ ಹಾಕಿಕೊಂಡು ಲ್ಯಾಬಿಗೆ ಬಂದರು. ಇಲ್ಲಿನ ಸಲಕರಣೆಗಳಿಗೂ ಬೊಟ್ಟಿಡಲೇ ಎಂದು ಕೇಳಿದಾಗ ಗ್ರೆಚೆನ್ ನಗುತ್ತಾ ಒಪ್ಪಿದಳು. ಅಗೆಯುವ ಕರಣೆಗಳಿಗೆ ಒಂದೊಂದು ಬೊಟ್ಟು, ಜರಡಿಗೆ ಒಂದು, ಬ್ರಷ್ಷಿನ ಡಬ್ಬಕ್ಕೆ ಒಂದು. ಸಾಲಿನ ಕೊನೆಗೆ ಒಣಗಲು ಇಟ್ಟ ತಟ್ಟೆಯಲ್ಲಿ ಚಾಕು ಇತ್ತು. ಕೈ ತಾನಾಗಿಯೇ ಹೋಗಿ ಮೂಳೆ ಹಿಡಿಗೆ ಬೊಟ್ಟಿಟ್ಟಿತು. ಚಾಕು ಎಂದ ಮೇಲೆ ಬೊಟ್ಟಿಡದೆ ಮುಂದೆ ಹೋಗಿ ಗೊತ್ತಿದ್ದ ಕೈಯಲ್ಲ ಅದು.

ತಕ್ಷಣ ಒರೆಸಿದರು. ಕುಂಕುಮ ಬಂತು, ಅರಿಶಿನ ಬರಲಿಲ್ಲ. ಹಳೆಯ ಮೂಳೆ ಅದನ್ನು ಹೀರಿಕೊಂಡಾಗಿತ್ತು. ಶ್ರೀಲತಾ ತಟ್ಟೆಯನ್ನು ಎತ್ತಿಕೊಂಡು ನೇರವಾಗಿ ಗ್ರೆಚೆನ್ ಮುಂದೆ ಇಟ್ಟರು.

“ನಾನೇ ಮಾಡಿದ್ದು. ಕಲೆ ಹೋಗ್ತಾ ಇಲ್ಲ.”

ಗ್ರೆಚೆನ್ ಕಪಾಟಿನಿಂದ ಒಂದು ಬಾಟಲಿ ತೆಗೆದಳು. “ಒಂದು ದ್ರಾವಣ ಇದೆ. ಹಾಕಿದ್ರೆ ಕಲೆ ಹೋಗಬಹುದು. ಮೂಳೆಯ ಮೇಲ್ಪದರಾನೂ ಹೋಗಬಹುದು, ಆ ಹೆಬ್ಬೆರಳಿನ ಗುರುತೂ. ಮಿಸ್ ವಿಲ್ಮಾ ಹೇಳಿದಂಗೆ ಮಾಡೋಣ. ನೀವು ಇಲ್ಲಿ ಮುಂದುವರಿಯೋದೂ ಅವರು ಹೇಳಿದಂಗೆ.”

ಮಧ್ಯಾಹ್ನದವರೆಗೆ ಶ್ರೀಲತಾ ಇಟ್ಟಿಗೆ ಚೂರು ತೊಳೆದರು. ಮನೆಗೆ ಹೋಗಿಬಿಡಬಹುದಿತ್ತು, ಹೋಗಲಿಲ್ಲ. ಈ ಮೇಜು ಕೈತಪ್ಪಿದರೆ ಮಂಗಳವಾರಗಳನ್ನು ಏನು ಮಾಡುವುದೆಂದು ಅವರಿಗೆ ಹೊಳೆಯಲಿಲ್ಲ.

ಮಿಸ್ ವಿಲ್ಮಾ ಬಂದರು. ಚಾಕುವನ್ನು ಬಟ್ಟೆ ಸಮೇತ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಹಳದಿಯನ್ನು ನೋಡಿ ಕೇಳಿದರು, “ಇದು ಯಾರು ಮಾಡಿದ್ದು?”

“ನಾನು” ಎಂದರು ಶ್ರೀಲತಾ.

“ಯಾರನ್ನಾದ್ರೂ ಕೇಳಿದ್ರಾ?”

“ಇದಕ್ಕೆ ಕೇಳಲಿಲ್ಲ.”

“ಆ ಮನೇಲಿ ನಮ್ಮವರನ್ನ ಯಾರೂ ಏನೂ ಕೇಳಿ ಮಾಡಲಿಲ್ಲ” ಎಂದರು ಮಿಸ್ ವಿಲ್ಮಾ. ದನಿ ಏರಿಸಲಿಲ್ಲ.

ಶ್ರೀಲತಾ ಅವರಿಗೆ ನಾಚಿಕೆಯಾಯಿತು. ತಲೆ ತಗ್ಗಿಸಲಿಲ್ಲ, ಆ ಹೆಂಗಸಿನ ಮುಖ ನೋಡುತ್ತಲೇ ನಿಂತರು.

“ಯಾಕೆ ಹಚ್ಚಿದಿರಿ, ಅದನ್ನಾದ್ರೂ ಹೇಳಿ.”

“ನಮ್ಮೂರಲ್ಲಿ ವರ್ಷಕ್ಕೊಂದು ದಿನ ದುಡಿಯೋ ವಸ್ತುಗಳಿಗೆಲ್ಲ ಇದನ್ನ ಹಚ್ಚಿ ಕೈಮುಗೀತೀವಿ. ಹಚ್ಚಿದ ಮೇಲೆ ಅವತ್ತು ಅವನ್ನ ಯಾರೂ ಮುಟ್ಟಿ ಕೆಲಸ ಮಾಡೋ ಹಾಗಿಲ್ಲ. ನಮ್ಮಮ್ಮ ಈಳಿಗೆಮಣೆಗೆ ಹಚ್ಚೋರು. ತರಕಾರಿ ಹಿಂದಿನ ದಿನಾನೇ ಹೆಚ್ಚಿಡೋರು. ಎಷ್ಟೇ ದೊಡ್ಡ ನೆಂಟರು ಬರಲಿ, ಅವತ್ತು ಈಳಿಗೆಮಣೆ ಕದಲ್ತಾ ಇರಲಿಲ್ಲ.”

“ಮಾಲೀಕ ಹೇಳಿದ್ರೂ?”

“ಯಾರು ಹೇಳಿದ್ರೂ.”

ಮಿಸ್ ವಿಲ್ಮಾ ಕೈಗವಸು ತೊಟ್ಟು, ಹಿಡಿಯ ಸವೆದ ತಗ್ಗಿನಲ್ಲಿ ತಮ್ಮ ಹೆಬ್ಬೆರಳನ್ನು ಇಟ್ಟರು. ಅದು ಸರಿಯಾಗಿ ಕೂತಿತು.

“ಇನ್ನು ಮುಂದೆ ನಮ್ಮವರದ್ದು ಏನೇ ಇದ್ರೂ ಮೊದಲು ನನಗೆ ಫೋನ್ ಮಾಡಿ” ಎಂದರು ಶ್ರೀಲತಾ ಅವರಿಗೆ. ಬಳಿಕ ಗ್ರೆಚೆನ್ ಕಡೆ ತಿರುಗಿದರು. “ಕಲೆ ತೆಗೀಬೇಡಿ. ಇದನ್ನ ಹಿಡಿದೋಳಿಗೆ ಬದುಕಿರೋವಾಗ ಅಂಥ ಒಂದು ದಿನ ಸಿಗಲಿಲ್ಲ. ಈಗ ಸಿಕ್ಕಿದೆ, ಇರಲಿ.”

ಗ್ರೆಚೆನ್ ದ್ರಾವಣದ ಬಾಟಲಿಯನ್ನು ಮತ್ತೆ ಕಪಾಟಿನಲ್ಲಿ ಇಟ್ಟಳು. ಶ್ರೀಲತಾ ಮಿಸ್ ವಿಲ್ಮಾ ಅವರ ನಂಬರನ್ನು ಫೋನಿನಲ್ಲಿ ಸೇರಿಸಿಕೊಂಡರು.