ಎದೆಯ ಮೇಲಿನ ಹದ್ದು

ಗಲ್ಫಿಗೆ ಬಂದ ನಮ್ಮೂರಿನವರು ಏನಾದರೊಂದನ್ನು ಕೂಡಿಡುತ್ತಲೇ ಇರುತ್ತಾರೆ. ಕೆಲವರು ಚಿನ್ನ, ಕೆಲವರು ಊರಿನಲ್ಲಿ ಸೈಟು. ಅದೂ ಆಗದವರು ಖಾಲಿ ಸೆಂಟಿನ ಬಾಟಲಿಗಳನ್ನಾದರೂ ಶೋಕೇಸಿನಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ನಾನು ಕೂಡಿಟ್ಟದ್ದು ಎರಡನೇ ಮಹಾಯುದ್ಧದ ಕಾಲದ ಜರ್ಮನ್ ಸೇನೆಯ ಸಮವಸ್ತ್ರದ ಚಿಹ್ನೆಗಳನ್ನು: ಭುಜದ ಪಟ್ಟಿ, ಕಾಲರಿನ ಪಟ್ಟಿ, ತೋಳಿನ ಬಿಲ್ಲೆ. ಮಸ್ಕತ್‌ನ ವಾದಿ ಅದಾಯ್ ಬಡಾವಣೆಯ ಶೋರೂಮೊಂದರಲ್ಲಿ ಕುಳಿತು ಬುಲ್ಡೋಜರಿನ ಬಿಡಿಭಾಗಗಳಿಗೆ ಇನ್ವಾಯ್ಸ್ ಬರೆಯುವ, ಕಾಲೇಜಿನಲ್ಲಿ ಪರೇಡಿನ ದಿನ ತಪ್ಪದೆ ಹೊಟ್ಟೆನೋವು ತರಿಸಿಕೊಳ್ಳುತ್ತಿದ್ದ ಉಡುಪಿ ಕಡೆಯ ಮನುಷ್ಯನಿಗೆ ಇದಕ್ಕಿಂತ ಒಪ್ಪುವ ಹವ್ಯಾಸ ಬೇರೆ ಯಾವುದಿದ್ದೀತು?

ಎಂಬತ್ತರ ದಶಕದಲ್ಲಿ ಮಸ್ಕತ್ ಬಿಟ್ಟು ಹೊರಡುವ ಇಂಗ್ಲಿಷರು ಖುರುಮ್‌ನ ತಮ್ಮ ಮನೆಯಂಗಳದಲ್ಲಿ ಸಾಮಾನು ಹರಡಿ ಅಗ್ಗಕ್ಕೆ ಮಾರುತ್ತಿದ್ದರು. ಅಂಥ ಒಂದು ಮನೆಗೆ ನನ್ನ ಹೆಂಡತಿ ವನಜ ನನ್ನನ್ನು ಇಸ್ತ್ರಿಪೆಟ್ಟಿಗೆ ತರಲು ಕಳುಹಿಸಿದಳು. ನಾನು ತಂದದ್ದು ಬಿಸ್ಕತ್ತಿನ ಡಬ್ಬಿ. ಒಳಗೆ ಆ ಇಂಗ್ಲಿಷನ ತಂದೆ ಯುದ್ಧದಿಂದ ಮರಳುವಾಗ ತಂದಿದ್ದ ಬಿಲ್ಲೆಗಳು. ಇದು ಇತಿಹಾಸ ಎಂದು ನಾನು ವಿವರಿಸಿದೆ. ವನಜ ಡಬ್ಬಿಯೊಳಗೆ ಇಣುಕಿ, "ಇತಿಹಾಸದಲ್ಲಿ ಅಂಗಿಗೆ ಇಸ್ತ್ರಿ ಆಗ್ತದಾ ಮಾರಾಯ್ರೆ?" ಎಂದು ಕೇಳಿ ಒಳಗೆ ಹೋದಳು. ಮಹಾನ್ ಸಂಶೋಧಕರಿಗೆಲ್ಲ ಮನೆಯಿಂದ ಸಿಕ್ಕ ಪ್ರೋತ್ಸಾಹ ಇಷ್ಟೇ ಇರಬೇಕು.

ಆಮೇಲೆ ಪುಸ್ತಕಗಳನ್ನು ತರಿಸಿ ಓದಿದೆ. ಭುಜದ ಪಟ್ಟಿಯಲ್ಲಿ ಕಾಲಾಳಿಗೆ ಬಿಳಿ ಅಂಚು, ಫಿರಂಗಿಯವರಿಗೆ ಕೆಂಪು, ಟ್ಯಾಂಕಿನವರಿಗೆ ಗುಲಾಬಿ. ಅರ್ಧ ಯುರೋಪನ್ನು ತುಳಿದುಬಂದ ಟ್ಯಾಂಕಿನ ಸಿಪಾಯಿಗಳ ಹೆಗಲ ಮೇಲೆ ಕೂಸಿನ ಫ್ರಾಕಿನ ಬಣ್ಣ ಎಂದು ನಾನು ಹೇಳಿದಾಗ ನಗದವರಿಗೆ ನಮ್ಮ ಮನೆಯಲ್ಲಿ ಎರಡನೇ ಸಲ ಚಹಾ ಇರುತ್ತಿರಲಿಲ್ಲ. ವಾರದ ರಜೆಯಾದ ಶುಕ್ರವಾರ ನಮ್ಮ ದಾರ್ಸೈಟ್ ಫ್ಲ್ಯಾಟಿಗೆ ಬಂದವರು ಆಲ್ಬಮ್ ಪೂರ್ತಿ ನೋಡದೆ ಎದ್ದುಹೋಗುವ ಹಾಗಿರಲಿಲ್ಲ. ಬರುಬರುತ್ತಾ ಶುಕ್ರವಾರ ನಮ್ಮಲ್ಲಿ ಬಹಳ ಶಾಂತಿ ನೆಲೆಸಿತು.

ಆ ಶಾಂತಿಯ ಕಾಲದಲ್ಲೇ ಅತ್ತೆ, ಅಂದರೆ ವನಜಳ ಅಮ್ಮ, ವಿಸಿಟ್ ವೀಸಾದಲ್ಲಿ ಬಂದರು. ಅದೇ ವಾರ ನಮ್ಮ ಕಂಪನಿಗೆ ಯಂತ್ರ ಒದಗಿಸುವ ಜರ್ಮನ್ ಎಂಜಿನಿಯರ್ ಒಬ್ಬ ಹೆಂಡತಿ ಹೆಲ್ಗಾಳೊಂದಿಗೆ ಮಸ್ಕತ್‌ಗೆ ಬಂದಿದ್ದ. ಶುಕ್ರವಾರ ಅವರನ್ನು ಊಟಕ್ಕೆ ಕರೆದೆ. ಅತಿಥಿ ಸತ್ಕಾರ ಎಂಬುದು ನೆಪ. ನನ್ನ ಪಾಂಡಿತ್ಯಕ್ಕೆ ಖುದ್ದು ಜರ್ಮನರಿಂದ ಶಹಬ್ಬಾಸ್‌ಗಿರಿ ಪಡೆಯುವ ಆಸೆ.

ಊಟ ಮುಗಿಯಿತು. ಆಲ್ಬಮ್ ತೆರೆದೆ. ನನ್ನ ಸಂಗ್ರಹದ ಕಿರೀಟವಾದ, ಸಿಪಾಯಿಯ ಅಂಗಿಯ ಎದೆಗೆ ಹೊಲಿಯುತ್ತಿದ್ದ ಬಟ್ಟೆಯ ಹದ್ದು ಅದರ ಜಾಗದಲ್ಲಿರಲಿಲ್ಲ. ನಾನು ಹಾಳೆ ತಿರುವುತ್ತಿದ್ದಂತೆ ಹೆಲ್ಗಾ ಎದ್ದು ಹಾಲಿನ ಮೂಲೆಯಲ್ಲಿದ್ದ ದೇವರ ಗೂಡಿನ ಮುಂದೆ ನಿಂತಳು. ಹದ್ದು ಅಲ್ಲಿ ಕೃಷ್ಣನ ಪಕ್ಕ ಕುಳಿತಿತ್ತು. ಅದರ ಕಾಲಿನಡಿಯ ಸ್ವಸ್ತಿಕಕ್ಕೆ ಕುಂಕುಮ, ತಲೆಯ ಮೇಲೆ ಹೂವು.

"ಇಷ್ಟು ಒಳ್ಳೆ ಗರುಡನನ್ನು ಪುಸ್ತಕದೊಳಗೆ ಮುಚ್ಚಿಡ್ತಾರಾ?" ಎಂದರು ಅತ್ತೆ, ಸಮಾಧಾನವಾಗಿ.

ಎಂಜಿನಿಯರ್ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ. ಸುದ್ದಿ ನನಗೆ ವೀಸಾ ಕೊಟ್ಟ ಕಫೀಲನ ಕಿವಿಗೆ ಬಿದ್ದರೆ ನನ್ನ ಕೆಲಸ ಖಲಾಸ್. ಗಾಬರಿಯಾದಾಗ ವಿದ್ವಾಂಸರು ಮಾಡುವುದನ್ನೇ ನಾನೂ ಮಾಡಿದೆ, ಉಪನ್ಯಾಸ ಕೊಟ್ಟೆ. ನಮ್ಮ ಸ್ವಸ್ತಿಕ ನೇರ, ನಾಜಿಗಳದು ಓರೆ. ನಮ್ಮದು ಮಂಗಳಕರ, ಅತಿ ಪ್ರಾಚೀನ. ಹೆಲ್ಗಾ ಎಲ್ಲವನ್ನೂ ಕೇಳಿ, ಹದ್ದನ್ನು ಮುಟ್ಟಬಹುದೇ ಎಂದಳು. ಕೈಗೆತ್ತಿಕೊಂಡು ಹಿಂದುಮುಂದಾಗಿ ತಿರುಗಿಸಿದಳು. ಹಿಂಬದಿಯ ದಾರದ ತುಂಡುಗಳನ್ನು ತೋರಿಸಿ, ಇದು ನಕಲಿಯಲ್ಲ, ನಿಜವಾದ ಅಂಗಿಯಿಂದ ಬಿಚ್ಚಿದ್ದು ಎಂಬುದಕ್ಕೆ ಅದೇ ಸಾಕ್ಷಿ ಎಂದು ನಾನು ಹೆಮ್ಮೆಯಿಂದ ತಿಳಿಸಿದೆ.

"ಗೊತ್ತು," ಎಂದಳು ಹೆಲ್ಗಾ. "ನನ್ನ ಅಮ್ಮ ಬಿಚ್ಚುವುದನ್ನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ."

ಅವಳ ಅಪ್ಪ ರಜೆಗೆ ಬಂದಾಗ ಒಂದು ಉಣ್ಣೆಯ ಅಂಗಿಯನ್ನು ಮನೆಯಲ್ಲಿ ಬಿಟ್ಟುಹೋಗಿದ್ದನಂತೆ. ಆಮೇಲೆ ಅವನು ಬರಲಿಲ್ಲ. ಯುದ್ಧ ಮುಗಿದು ಚಳಿಗಾಲ ಬಂತು. ಅಮ್ಮ ಕತ್ತರಿಯ ತುದಿಯಿಂದ ಹದ್ದನ್ನು ಬಿಚ್ಚಿ ಒಲೆಗೆ ಹಾಕಿ, ಅದೇ ಅಂಗಿಯನ್ನು ಕತ್ತರಿಸಿ ಮಗಳಿಗೆ ಹೊಲಿದುಕೊಟ್ಟಳು. ಬಟ್ಟೆಯೆಲ್ಲ ಮಾಸಿದ್ದರೂ ಹದ್ದು ಇದ್ದಷ್ಟು ಜಾಗ ಮಾತ್ರ ಮಾಸಿರಲಿಲ್ಲ. ರೆಕ್ಕೆ ಬಿಚ್ಚಿದ ಅದರ ಆಕಾರ ಎದೆಯ ಮೇಲೆ ಹಾಗೇ ಕಾಣುತ್ತಿತ್ತು. ಶಾಲೆಗೆ ಹೋಗುವಾಗಲೆಲ್ಲ ಹೆಲ್ಗಾ ಚೀಲವನ್ನು ಅದಕ್ಕೆ ಅಡ್ಡ ಹಿಡಿದುಕೊಂಡು ನಡೆಯುತ್ತಿದ್ದಳು. ಹೇಳುತ್ತಿದ್ದಂತೆ ಅವಳ ಕೈ ತಾನಾಗಿ ಎದೆಯ ಬಲಬದಿಗೆ ಹೋಗಿತ್ತು.

ಪುಸ್ತಕಗಳಲ್ಲಿ ಎಲ್ಲ ಅಂಚಿನ ಬಣ್ಣವೂ ಇತ್ತು. ಹದ್ದಿನಡಿ ಮಾಸದೆ ಉಳಿದ ಈ ಬಣ್ಣ ಇರಲಿಲ್ಲ. ನಾನು ಆಲ್ಬಮ್ ಮುಚ್ಚಿದೆ. ಯಾರೂ ಗಮನಿಸಲಿಲ್ಲ.

ಅತ್ತೆಗೆ ಇಂಗ್ಲಿಷ್ ಬಾರದು. ವನಜ ತುಳುವಿನಲ್ಲಿ ಎಲ್ಲವನ್ನೂ ಹೇಳಿದಳು. ಅತ್ತೆ ಹದ್ದನ್ನು ಹೆಲ್ಗಾಳ ಕೈಯಿಂದ ತೆಗೆದುಕೊಂಡು ನನ್ನ ಮಡಿಲಿಗೆ ಹಾಕಿ, ದೇವರ ಗೂಡನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಆಮೇಲೆ ಬಂದು ಹೆಲ್ಗಾಳ ಪಕ್ಕದಲ್ಲಿ ಕುಳಿತು, "ಆ ಅಂಗಿಯಲ್ಲಿ ಚಳಿ ತಡೀತಿತ್ತಾ ಅಂತ ಕೇಳಿ," ಎಂದರು.

ಕೇಳಿದೆ. ಇಷ್ಟು ವರ್ಷ ಪ್ರತಿಯೊಂದು ಬಿಲ್ಲೆಯ ಪದವಿ ಯಾವುದು, ದಳ ಯಾವುದು ಎಂದು ವಿಚಾರಿಸಿದ್ದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ತಡೆಯುತ್ತಿತ್ತು, ಆದರೆ ಕುತ್ತಿಗೆ ಬಹಳ ತುರಿಸುತ್ತಿತ್ತು ಎಂದಳು ಹೆಲ್ಗಾ. ಅತ್ತೆ ನಕ್ಕರು. ಹೆಲ್ಗಾಳೂ ನಕ್ಕಳು. ಮುಂದೆ ಒಂದು ಗಂಟೆ ಅವರಿಬ್ಬರೂ ಅಮ್ಮಂದಿರು, ಹರಿದ ಬಟ್ಟೆ, ಹೊಲಿಗೆ ಎಂದು ಮಾತಾಡುತ್ತಲೇ ಇದ್ದರು. ನಾನು ನಡುವೆ ಕುಳಿತು ಅನುವಾದಿಸುತ್ತಿದ್ದೆ. ನಮ್ಮ ಮನೆಯಲ್ಲಿ ಜರ್ಮನಿಯ ಬಗ್ಗೆ ಅಷ್ಟು ಹೊತ್ತು ಮಾತು ನಡೆದು, ಒಬ್ಬ ಅತಿಥಿಯೂ ಗಡಿಯಾರ ನೋಡದ ಶುಕ್ರವಾರ ಅದೊಂದೇ.